ನುಗ್ಗೆಯ ಹುಳು ಹಗಲಲ್ಲಿ ಎಲ್ಲಿರುತ್ತದೆ?

ಮಳೆಗಾಲದಲ್ಲಿ ರಾಯಚೂರಿನ ಹಿತ್ತಿಲುಗಳಲ್ಲಿ ನುಗ್ಗೆ ಮರ ಇದ್ದಕ್ಕಿದ್ದಂತೆ ಬೋಳಾಗುವುದುಂಟು. ರೆಂಬೆಗಳಲ್ಲಿ ಹುಡುಕಿದರೆ ಹುಳು ಕಾಣುವುದಿಲ್ಲ, ಕಾಂಡವನ್ನು ನೋಡಬೇಕು. ನುಗ್ಗೆಯ ಕಂಬಳಿಹುಳುಗಳು ರಾತ್ರಿ ಮೇಲೇರಿ ಎಲೆ ಮೇಯುತ್ತವೆ, ಹಗಲೆಲ್ಲ ಕಾಂಡಕ್ಕೆ ಅಂಟಿ ಗುಂಪಾಗಿ ಕೂರುತ್ತವೆ. ಅವುಗಳ ಕಂದು ಮೈ ತೊಗಟೆಯಲ್ಲಿ ಬೆರೆತುಹೋಗುವುದರಿಂದ ಎದುರಿಗಿದ್ದರೂ ಕಣ್ಣು ತಪ್ಪುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ರೋಮ ತಾಗಿದರೆ ತುರಿಕೆ. ಪಂಜು ಹಿಡಿದು ಸುಡುವ ಹಳೆಯ ಉಪಾಯ ನನಗೆ ಒಪ್ಪಿಗೆಯಿಲ್ಲ: ಹುಳುವಿನ ಜೊತೆ ತೊಗಟೆಯೂ ಬೇಯುತ್ತದೆ. ಪೊರಕೆಯಿಂದ ಸಾಬೂನು ನೀರಿನ ಬಕೆಟ್ಟಿಗೆ ಗುಡಿಸಿದರೆ ಸಾಕು.

ಹುಳುವಿನ ಗುರುತು ಅರ್ಧ ಸಿಗುವುದು ಮರದಿಂದಲೇ. ಎಲೆಯೊಳಗಿನ ರಾಸಾಯನಿಕಗಳನ್ನು ಜೀರ್ಣಿಸಿಕೊಳ್ಳಬಲ್ಲ ಹುಳು ಮಾತ್ರ ಆ ಎಲೆ ತಿಂದು ಬೆಳೆಯುತ್ತದೆ. ನಿಂಬೆಯ ಚಿಟ್ಟೆ ಕರಿಬೇವಿನ ಮೇಲೂ ಮೊಟ್ಟೆ ಇಡುವುದಕ್ಕೆ ಕಾರಣ ಎರಡೂ ಒಂದೇ ಕುಟುಂಬದ ಗಿಡಗಳು. ಇದರ ಮರಿಹುಳು ಮೊದಲು ಹಕ್ಕಿ ಹಿಕ್ಕೆಯಂತೆ ಕಪ್ಪು ಬಿಳುಪು, ಬಲಿತಾಗ ಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಛಾಯೆಯ ಕವಲು ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಇಷ್ಟು ನಾಟಕ ಆಡುವ ಇನ್ನೊಂದು ಹುಳು ಹಿತ್ತಿಲಲ್ಲಿ ಸಿಗುವುದು ಕಷ್ಟ. ಬಲಿತ ಕರಿಬೇವಿಗೆ ನಾಲ್ಕು ಹುಳು ಹೊರೆಯಲ್ಲ. ಎಳೆಯ ನಿಂಬೆ ಸಸಿಗಾದರೆ ಕೈಯಿಂದ ಆರಿಸಿ ತೆಗೆಯಬೇಕು.

ಗಿಡ ನೋಡಿಯೂ ತಿಳಿಯದಿದ್ದರೆ ಕಾಲು ಎಣಿಸಿ. ತಲೆಯ ಹಿಂದಿನ ಮೂರು ಜೊತೆ ಚೂಪು ಕಾಲುಗಳು ನಿಜವಾದವು. ಹೊಟ್ಟೆಯಡಿಯ ಮೆತ್ತನೆಯವು ಹುಸಿಕಾಲುಗಳು. ಚಿಟ್ಟೆ, ಪತಂಗಗಳ ಮರಿಹುಳುವಿಗೆ ಇವು ಸಾಮಾನ್ಯವಾಗಿ ಐದು ಜೊತೆ ಮೀರುವುದಿಲ್ಲ. ಔಡಲದ ಹುಳುವಿಗೆ ಮುಂದಿನ ಹುಸಿಕಾಲು ಕುಗ್ಗಿರುವುದರಿಂದ ಅದು ಬೆನ್ನು ಬಿಲ್ಲಾಗಿಸಿ ನಡೆಯುತ್ತದೆ. ಆರು ಅಥವಾ ಹೆಚ್ಚು ಜೊತೆ ಹುಸಿಕಾಲು ಕಂಡರೆ ಅದು ಚಿಟ್ಟೆಯ ಮರಿಯೇ ಅಲ್ಲ, ಕಣಜದ ಬಳಗದ ಗರಗಸ ನೊಣದ ಮರಿ. ಮೂಲಂಗಿ, ಸಾಸಿವೆ ಎಲೆ ತೂತು ಮಾಡುವ ಕಪ್ಪು ಹುಳು ಈ ಜಾತಿಯದು. ಮರಿಹುಳುಗಳಿಗೆಂದು ಮಾರುವ ಬಿಟಿ ಬ್ಯಾಕ್ಟೀರಿಯಾ ಪುಡಿ ಇದರ ಮೇಲೆ ಕೆಲಸ ಮಾಡದು, ಹಣ ದಂಡ.

ಹುಳುವಿನ ಮೈಮೇಲೆ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಅಂಟಿದ್ದರೆ ಅದನ್ನು ಕೊಲ್ಲದೆ ಬಿಡಿ. ಅವು ಪುಟ್ಟ ಕಣಜಗಳ ಗೂಡುಗಳು. ಅವುಗಳ ಮರಿಗಳು ಆ ಹುಳುವನ್ನು ಒಳಗಿನಿಂದ ಆಗಲೇ ತಿಂದಿವೆ. ಹೊರಬರುವ ಕಣಜಗಳು ಮೊಟ್ಟೆ ಇಡಲು ಇನ್ನಷ್ಟು ಹುಳುಗಳನ್ನು ಹುಡುಕಿ ಹೋಗುತ್ತವೆ.