ಷೇರು ಸುಮ್ಮನಿರುವ ಎರಡು ವಾರ

ಒಳ್ಳೆ ಕಂಪನಿಯ ಷೇರು ಎರಡು ವಾರದಿಂದ ಅಲ್ಲಾಡುತ್ತಿಲ್ಲ, ವಾಲ್ಯೂಮ್ (ದಿನಕ್ಕೆ ಕೈ ಬದಲಾಗುವ ಷೇರುಗಳ ಸಂಖ್ಯೆ) ದಿನದಿಂದ ದಿನಕ್ಕೆ ಇಳಿಯುತ್ತಿದೆ ಅಂದರೆ ಹೆಚ್ಚಿನವರು ಬೇಸರಪಟ್ಟು ಆ ಕಡೆ ನೋಡುವುದನ್ನೇ ಬಿಡುತ್ತಾರೆ. ಮೂರೂವರೆಗೆ ಮಾರ್ಕೆಟ್ ಮುಗಿದ ಮೇಲೆ ನಾನು ಕೂತು ಹುಡುಕುವುದು ಅಂಥ ಷೇರುಗಳನ್ನೇ.

ಯಾವ ಕಂಪನಿ ಅನ್ನುವುದನ್ನು ಚಾರ್ಟ್ ಹೇಳುವುದಿಲ್ಲ. ಅದಕ್ಕೆ ತ್ರೈಮಾಸಿಕ ಫಲಿತಾಂಶ ಓದಬೇಕು. ಮಾರಾಟ, ಲಾಭ ಎರಡೂ ಹಿಂದಿನ ವರ್ಷದ ಅದೇ ಮೂರು ತಿಂಗಳಿಗಿಂತ ಚೆನ್ನಾಗಿ ಬೆಳೆದಿರಬೇಕು, ಸಾಲ ಹಿಡಿತದಲ್ಲಿರಬೇಕು. ಯಾವಾಗ ಕೊಳ್ಳಬೇಕು ಅನ್ನುವುದಕ್ಕಷ್ಟೇ ಚಾರ್ಟ್.

ಕಪ್ ಅಂಡ್ ಹ್ಯಾಂಡಲ್ ಮಾದರಿ ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಹಾಕುತ್ತೇನೆ. 400 ರೂಪಾಯಿಯ ಷೇರು 700ಕ್ಕೆ ಏರಿತು. ಅಲ್ಲಿಂದ ನಿಧಾನಕ್ಕೆ ಇಳಿದು 520ಕ್ಕೆ ಬಂತು. ತಳದಲ್ಲಿ ಕೆಲವು ವಾರ ಹೊರಳಾಡಿ ಮತ್ತೆ ಹತ್ತಿ 690 ಮುಟ್ಟಿತು. ಐದು ತಿಂಗಳಲ್ಲಿ ಚಾರ್ಟ್ ಮೇಲೆ ಬಟ್ಟಲಿನ ಆಕಾರ ಮೂಡಿದೆ. ಈಗ ಸ್ವಲ್ಪ ಜಾರಿ 650ರ ಆಸುಪಾಸಿನಲ್ಲಿ ನಿಂತಿದೆ. ಇದೇ ಬಟ್ಟಲಿನ ಹಿಡಿ.

ಈ ಹಿಡಿಯಲ್ಲಿ ನಡೆಯುವುದೇನು? ಐದು ತಿಂಗಳ ಹಿಂದೆ 690, 700ಕ್ಕೆ ಕೊಂಡು ಸಿಕ್ಕಿಹಾಕಿಕೊಂಡವರು ಇದ್ದಾರಲ್ಲ, 'ಹಾಕಿದ ದುಡ್ಡು ಬಂದರೆ ಸಾಕಪ್ಪ' ಅಂತ ಕಾಯುತ್ತಿದ್ದವರು, ಅವರು ಮಾರುತ್ತಾರೆ. ತಳದಲ್ಲಿ ಕೊಂಡವರೂ ಲಾಭ ಎತ್ತಿಕೊಳ್ಳುತ್ತಾರೆ. ಇವರ ಮಾರಾಟ ಮುಗಿಯುವ ತನಕ ಷೇರು ಮೇಲೆ ಹೋಗುವುದು ಕಷ್ಟ. ಮುಗಿಯಿತು ಅಂತ ಗೊತ್ತಾಗುವುದು ವಾಲ್ಯೂಮ್‌ನಿಂದ. 50 ದಿನದ ಸರಾಸರಿ 4 ಲಕ್ಷ ಷೇರು ಇದ್ದದ್ದು ಈಗ ದಿನಕ್ಕೆ ಒಂದೂವರೆ ಲಕ್ಷಕ್ಕೆ ಬಂದಿದೆ, ಆದರೂ ರೇಟು 650 ಬಿಟ್ಟು ಕೆಳಗೆ ಹೋಗುತ್ತಿಲ್ಲ. ಕೊಡುವವರ ಕೈ ಖಾಲಿಯಾಗಿದೆ. ಅದೇ ಜಾಗದಲ್ಲಿ ದಿನಾ 7 ಲಕ್ಷ ಷೇರು ಕೈ ಬದಲಾಗುತ್ತಾ ರೇಟು ಇಳಿಯುತ್ತಿದ್ದರೆ ದೊಡ್ಡ ಹೂಡಿಕೆದಾರರು ಹೊರಗೆ ಹೊರಟಿದ್ದಾರೆ ಅಂತ ಅರ್ಥ. ಆಗ ಆಕಾರ ಎಷ್ಟೇ ಚೆಂದ ಇರಲಿ, ನಾನು ಮುಟ್ಟುವುದಿಲ್ಲ.

ಇನ್ನು ಬ್ರೇಕೌಟ್, ಅಂದರೆ ತಡೆದು ನಿಂತಿದ್ದ ರೇಟನ್ನು ಷೇರು ದಾಟಿ ಮೇಲೆ ಹೋಗುವುದು. ಷೇರು 690 ದಾಟಿದ ದಿನ ಕನಿಷ್ಠ 6 ಲಕ್ಷ ವಾಲ್ಯೂಮ್ ಇರಬೇಕು, ಅಂದರೆ ಸರಾಸರಿಗಿಂತ ಒಂದೂವರೆ ಪಟ್ಟು. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೇಪರಿನಲ್ಲಿ ಗರಿಷ್ಠ ಧಾರಣೆ ನೋಡಿದ ಮೇಲೆ ಅವರು ಕೇಳುವುದೇ 'ಆ ರೇಟಿಗೆ ಎಷ್ಟು ಚೀಲ ಹೋಯಿತು' ಅಂತ. ನಾಲ್ಕು ಚೀಲಕ್ಕೆ ಸಿಕ್ಕ ರೇಟು ಊರಿನ ರೇಟಲ್ಲ, ಅಲ್ವಾ?

ಎಲ್ಲಿಯ ತನಕ ಕೊಳ್ಳಬಹುದು? 690ರಿಂದ ಹೆಚ್ಚೆಂದರೆ ಶೇ 5, ಅಂದರೆ 724ರ ತನಕ. ಆಮೇಲೆ ಬಿಟ್ಟುಬಿಡಬೇಕು. ಬ್ರೇಕೌಟ್ ಆದ ಷೇರು ಎಷ್ಟೋ ಸಲ ಕೆಲವೇ ದಿನದಲ್ಲಿ ಹೊರಟ ಜಾಗಕ್ಕೆ ಒಮ್ಮೆ ಬಂದು ಹೋಗುತ್ತದೆ. 700ಕ್ಕೆ ಕೊಂಡವರಿಗೆ ಅದು ಹತ್ತು ರೂಪಾಯಿಯ ಮಾತು. 770ಕ್ಕೆ ಕೊಂಡವರಿಗೆ ಶೇ 10ಕ್ಕಿಂತ ಜಾಸ್ತಿ ನಷ್ಟ. ಹೆದರಿ ಮಾರಿದ ಮಾರನೇ ವಾರವೇ ಷೇರು 800ಕ್ಕೆ ಹೋಗುವುದನ್ನು ಶುರುವಿನ ವರ್ಷಗಳಲ್ಲಿ ನಾನೂ ನೋಡಿದ್ದೇನೆ. ಕಂಪನಿ ಸರಿಯಾಗಿಯೇ ಇತ್ತು, ನಾನು ತಡವಾಗಿ ಹತ್ತಿದ್ದೆ.

ವಾಲ್ಯೂಮ್ ಜಾಸ್ತಿ ಕಂಡ ಕೂಡಲೇ ನಂಬಬೇಡಿ. ಸೂಚ್ಯಂಕಕ್ಕೆ ಷೇರುಗಳನ್ನು ಸೇರಿಸುವ, ತೆಗೆಯುವ ದಿನ, ಸೂಚ್ಯಂಕವನ್ನೇ ಹಿಂಬಾಲಿಸುವ ಇಂಡೆಕ್ಸ್ ಫಂಡ್‌ಗಳು ಕೊಳ್ಳಲೇಬೇಕು, ಮಾರಲೇಬೇಕು. ಚಾರ್ಟ್‌ನಲ್ಲಿ ಆ ದಿನದ ಎತ್ತರದ ವಾಲ್ಯೂಮ್ ಕಂಬಕ್ಕೆ ಅರ್ಥವಿಲ್ಲ. ಬ್ಲಾಕ್ ಡೀಲ್, ಅಂದರೆ ದೊಡ್ಡವರ ನಡುವೆ ಒಂದೇ ಸಲಕ್ಕೆ ಭಾರೀ ಸಂಖ್ಯೆಯ ಷೇರು ಕೈ ಬದಲಾಗುವ ವ್ಯವಹಾರ, ಆದ ದಿನವೂ ಹಾಗೇ. ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಪ್ರತಿ ಸಂಜೆ ಡೆಲಿವರಿ ಅಂಕಿ (ಅದೇ ದಿನ ಮಾರದೆ ಕೊಂಡವರ ಖಾತೆಗೆ ಹೋದ ಷೇರುಗಳ ಸಂಖ್ಯೆ) ಕೊಡುತ್ತದೆ, ಅದನ್ನು ತೆಗೆದು ನೋಡಿ. 6 ಲಕ್ಷದಲ್ಲಿ ಮೂರು ಲಕ್ಷ ಡೆಲಿವರಿಗೆ ಹೋಗಿದ್ದರೆ ನನಗೆ ಧೈರ್ಯ. ಅರವತ್ತು ಸಾವಿರವಷ್ಟೇ ಹೋಗಿದ್ದರೆ ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವವರ ಗದ್ದಲ ಅದು. ಟ್ರೇಡ್ ಟು ಟ್ರೇಡ್ ವಿಭಾಗದಲ್ಲಿರುವ ಷೇರಿಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಎಲ್ಲವೂ ಕಡ್ಡಾಯವಾಗಿ ಡೆಲಿವರಿಯೇ.

ಇಷ್ಟೆಲ್ಲ ನೋಡಿ ಕೊಂಡರೂ ಬ್ರೇಕೌಟ್ ಕೈಕೊಡುತ್ತದೆ, ಅದೂ ಅಪರೂಪಕ್ಕಲ್ಲ. 700ಕ್ಕೆ ಕೊಂಡ ದಿನವೇ 644ಕ್ಕೆ, ಅಂದರೆ ಶೇ 8 ಕೆಳಗೆ, ಸ್ಟಾಪ್‌ಲಾಸ್ (ಆ ರೇಟಿಗೆ ಇಳಿದರೆ ತಾನಾಗಿ ಮಾರುವ ಆರ್ಡರ್) ಹಾಕಿಡಿ. ಮರುದಿನಕ್ಕೂ ಉಳಿಯುವಂತೆ ಜಿಟಿಟಿ ಆರ್ಡರ್, ಅಂದರೆ ಹೇಳಿದ ರೇಟು ಬರುವ ತನಕ ಕಾಯುವ ಆರ್ಡರ್, ಹಾಕಬೇಕು. ಒಂದು ವಿಷಯ ಗೊತ್ತಿರಲಿ. ಕೆಟ್ಟ ಫಲಿತಾಂಶ ಬಂದು ಬೆಳಿಗ್ಗೆ ಒಂಬತ್ತೂಕಾಲಿಗೆ ಷೇರು ನೇರ 610ಕ್ಕೆ ತೆರೆದರೆ ನಿಮ್ಮ 644 ಸಿಗುವುದಿಲ್ಲ. ಅದಕ್ಕೇ ಕೊಳ್ಳುವ ಮೊದಲು ಫಲಿತಾಂಶದ ದಿನ ಯಾವುದು ಅಂತ ನೋಡುತ್ತೇನೆ. ಎರಡು ಮೂರು ದಿನದಲ್ಲೇ ಇದ್ದರೆ ಅಂದುಕೊಂಡಿದ್ದರಲ್ಲಿ ಅರ್ಧ ಮಾತ್ರ ಕೊಳ್ಳುತ್ತೇನೆ, ಉಳಿದರ್ಧವನ್ನು ಫಲಿತಾಂಶ ಓದಿದ ಮೇಲೆ.