ಎಕ್ಸ್‌ಪೋರ್ಟ್ ಬೇರೆ, ಸಿಂಕ್ ಬೇರೆ

ಅಮೆಜಾನ್‌ನ ಇ-ಪುಸ್ತಕ ಓದುವ ಸಾಧನವಾದ ಕಿಂಡಲ್‌ನಲ್ಲಿ ಹೈಲೈಟ್ ಮಾಡಿದ (ಬಣ್ಣ ಹಚ್ಚಿ ಗುರುತಿಸಿದ) ಸಾಲು ಫೋನಿನಲ್ಲೂ ಕಾಣಿಸಿದರೆ ಸಾಕು, ‘ನೋಟ್ಸ್ ಎಲ್ಲಾ ಎಕ್ಸ್‌ಪೋರ್ಟ್ ಆಗಿದೆ’ ಅನ್ನುತ್ತಾರೆ. ಆಗಿಲ್ಲ. ಅದು ಸಿಂಕ್. ಒಂದೇ ಅಕೌಂಟಿನ ಎರಡು ಕಡೆ ಒಂದೇ ವಿಷಯ ಕಾಣುತ್ತಿದೆ, ಅಷ್ಟೇ. ಎಕ್ಸ್‌ಪೋರ್ಟ್ ಅಂದರೆ ಆ ಸಾಲುಗಳು ಆ್ಯಪ್‌ನ ಹಂಗಿಲ್ಲದೆ ತೆರೆಯುವ ಫೈಲಾಗಿ ನಿಮ್ಮ ಕೈಗೆ ಬರುವುದು.

ಹೈಲೈಟ್ ಪುಸ್ತಕದ ಒಳಗೇ ಇರುತ್ತದೆ ಅಂದುಕೊಳ್ಳುವುದರಿಂದಲೇ ಈ ಗೊಂದಲ. ಪೆನ್ಸಿಲ್ ಗೆರೆ ಹಾಳೆಯ ಮೇಲಿರುತ್ತದೆ, ನಿಜ. ಇ-ಪುಸ್ತಕದಲ್ಲಿ ಸಾಮಾನ್ಯವಾಗಿ ಹಾಗಲ್ಲ. ಪಠ್ಯ ಒಂದು ಫೈಲಿನಲ್ಲಿ, ನಿಮ್ಮ ಗುರುತುಗಳು ಇನ್ನೊಂದರಲ್ಲಿ. ಅದಕ್ಕೇ ಇಪಬ್ (ಇ-ಪುಸ್ತಕದ ಒಂದು ಸಾಮಾನ್ಯ ಮಾದರಿ) ಫೈಲನ್ನು ಸುಮ್ನೆ ಕಾಪಿ ಮಾಡಿ ಬೇರೆ ರೀಡರ್‌ಗೆ ಹಾಕಿದರೆ ಪುಸ್ತಕ ಹೋಗುತ್ತದೆ, ಗುರುತುಗಳು ಹೋಗುವುದಿಲ್ಲ.

ಕಿಂಡಲನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ, ‘ಡಾಕ್ಯುಮೆಂಟ್ಸ್’ ಫೋಲ್ಡರ್ ನೋಡಿ. ಅಲ್ಲಿ ‘ಮೈ ಕ್ಲಿಪ್ಪಿಂಗ್ಸ್’ ಎಂಬ ಟೆಕ್ಸ್ಟ್ ಫೈಲ್ ಇರುತ್ತದೆ. ಮೊದಲು ಪುಸ್ತಕ, ಲೇಖಕರ ಹೆಸರು. ಕೆಳಗೆ ಲೊಕೇಶನ್ ಸಂಖ್ಯೆ (ಸಾಲು ಪುಸ್ತಕದಲ್ಲಿ ಎಲ್ಲಿದೆ ಎಂದು ಕಿಂಡಲ್ ತನ್ನದೇ ಲೆಕ್ಕದಲ್ಲಿ ತೋರಿಸುವ ಸಂಖ್ಯೆ), ದಿನಾಂಕ, ಸಮಯ. ಆಮೇಲೆ ನೀವು ಗುರುತಿಸಿದ ಸಾಲು. ಕೊನೆಗೆ 10 ಸಮಚಿಹ್ನೆಗಳ (=) ಒಂದು ಗೆರೆ. ಈ ಫೈಲಿಗೆ ಸೇರಿಸುವುದು ಮಾತ್ರ ಗೊತ್ತು, ಅಳಿಸುವುದು ಗೊತ್ತಿಲ್ಲ. ಹೈಲೈಟನ್ನು ಎರಡು ಪದ ಉದ್ದ ಮಾಡಿದರೆ ಹಳೆಯದೂ ಇರುತ್ತದೆ, ಹೊಸದೂ ಬರುತ್ತದೆ. ಸಾಧನದಲ್ಲಿ ಡಿಲೀಟ್ ಮಾಡಿದ್ದೂ ಇಲ್ಲಿ ಉಳಿದಿರುತ್ತದೆ. ‘ಒಂದೇ ಸಾಲು ಮೂರು ಸಲ ಬಂದಿದೆ, ಎಕ್ಸ್‌ಪೋರ್ಟ್ ಕೆಟ್ಟಿದೆ’ ಅಂತ ದೂರುವವರು ದಯವಿಟ್ಟು ಇದನ್ನು ಗಮನಿಸಿ. ಕೆಟ್ಟಿಲ್ಲ, ಅದು ಕೆಲಸ ಮಾಡುವುದೇ ಹಾಗೆ. ಲೊಕೇಶನ್ ಅಂದರೆ ಪುಟಸಂಖ್ಯೆಯೂ ಅಲ್ಲ. ಅಡಿಟಿಪ್ಪಣಿಯಲ್ಲಿ ಅದನ್ನೇ ‘ಪು.’ ಎಂದು ಹಾಕಿದರೆ ಓದುಗರು ಅಚ್ಚಿನ ಪ್ರತಿಯಲ್ಲಿ ಏನನ್ನು ಹುಡುಕಬೇಕು?

ಇನ್ನೊಂದು ಮಾತು. ಎಷ್ಟು ಭಾಗ ಹೊರತೆಗೆಯಬಹುದು ಎಂಬುದಕ್ಕೆ ಪ್ರಕಾಶಕರು ಮಿತಿ ಹಾಕಿರಬಹುದು. ಅದು ದಾಟಿದರೆ ಹೈಲೈಟ್ ಪರದೆ ಮೇಲೆ ಕಾಣುತ್ತದೆ, ಆದರೆ ಫೈಲಿನಲ್ಲಿ ಸಾಲಿನ ಬದಲು ‘ಮಿತಿ ಮುಗಿದಿದೆ’ ಎಂಬ ಇಂಗ್ಲಿಷ್ ಸೂಚನೆ ಇರುತ್ತದೆ. ಹಣ ಕೊಟ್ಟು ಕೊಂಡು, ಓದಿ, ಗುರುತು ಹಾಕಿಕೊಂಡವರಿಗೆ ಇದು ಅನ್ಯಾಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕನ್ನಡದ ಹಳೆಯ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್‌ಗಳದ್ದು ಬೇರೆಯೇ ಕಥೆ. ಅಲ್ಲಿ ಪುಟ ಅಂದರೆ ಒಂದು ಚಿತ್ರ. ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಕೆಲಸ) ಮಾಡದಿದ್ದರೆ ಆಯ್ಕೆ ಮಾಡಲು ಅಕ್ಷರವೇ ಇರುವುದಿಲ್ಲ. ಬಣ್ಣ ಬಳಿಯಬಹುದು, ಆದರೆ ಎಕ್ಸ್‌ಪೋರ್ಟಿನಲ್ಲಿ ಆ ಸಾಲು ಬರುವುದಿಲ್ಲ. ಬೇಕಾದ ಸಾಲನ್ನು ಪುಟಸಂಖ್ಯೆ ಸಮೇತ ನೀವೇ ಟೈಪ್ ಮಾಡಿಕೊಳ್ಳಬೇಕು.