ಫಾಸ್ಫೀನ್: ಗೋದಾಮಿನ ಹುಳು ಕೊಲ್ಲುವ ಅನಿಲ

ಅಮೋನಿಯದ ಅಣುವಿನಲ್ಲಿ ಸಾರಜನಕವನ್ನು ತೆಗೆದು ರಂಜಕವನ್ನು ಕೂರಿಸಿದರೆ ಸಿಗುವುದು ಫಾಸ್ಫೀನ್. ರಚನೆ ಒಂದೇ ಬಗೆಯದಾದರೂ ಗುಣ ಬೇರೆ. ಅಮೋನಿಯದ ಅಣುಗಳನ್ನು ಒಂದಕ್ಕೊಂದು ಹಿಡಿದಿಡುವ ಹೈಡ್ರೋಜನ್ ಬಂಧ ಫಾಸ್ಫೀನ್ ಅಣುಗಳ ನಡುವೆ ಇಲ್ಲ. ಹಾಗಾಗಿ ಅಮೋನಿಯ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಇದು ಮೈನಸ್ 88ರ ಹತ್ತಿರವೇ ಕುದಿಯುತ್ತದೆ. ನೀರಿನಲ್ಲಿಯೂ ಅಷ್ಟಾಗಿ ಕರಗುವುದಿಲ್ಲ.

ಗೋದಾಮಿಗೆ ಇದು ಬರುವುದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ರೂಪದಲ್ಲಿ. ಗಾಳಿಯ ತೇವ ತಗಲಿದೊಡನೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿಯಾಗಿ ಉಳಿಯುತ್ತದೆ, ಫಾಸ್ಫೀನ್ ಹೊರಬರುತ್ತದೆ. ಲೆಕ್ಕ ಮಾಡಿ ನೋಡಿ: 3 ಗ್ರಾಂ ಮಾತ್ರೆಯಲ್ಲಿ ಶೇ. 56 ಫಾಸ್ಫೈಡ್, ಅಂದರೆ 1.68 ಗ್ರಾಂ. ಅದನ್ನು ಫಾಸ್ಫೈಡಿನ ಅಣುತೂಕ 58ರಿಂದ ಭಾಗಿಸಿ ಫಾಸ್ಫೀನಿನ ಅಣುತೂಕ 34ರಿಂದ ಗುಣಿಸಿದರೆ ಸುಮಾರು 1 ಗ್ರಾಂ ಅನಿಲ. ಅಣುತೂಕ ಹಿಡಿದು ಮಾಡುವ ಇಂಥ ಮೋಲ್ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮಾತ್ರೆಯಲ್ಲಿರುವ ಅಮೋನಿಯಂ ಕಾರ್ಬಮೇಟ್ ಅಮೋನಿಯವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಟ್ಟು, ಬೆಂಕಿ ಹತ್ತುವ ಅಪಾಯವನ್ನು ತಗ್ಗಿಸುತ್ತದೆ.

ಮಾತ್ರೆ ಇಟ್ಟ ಧಾನ್ಯದ ಮೂಟೆಗಳಿಗೆ ಟಾರ್ಪಾಲಿನ್ ಹೊದಿಸಿ ಹಲವು ದಿನ ಬಿಡುವುದೇಕೆ? ಈ ಅನಿಲ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದಲ್ಲಿ ಉಸಿರಾಟದ ಸರಣಿಯನ್ನು ತಡೆಯುತ್ತದೆ. ಓಡಾಡುವ ಹುಳು ಬೇಗ ಸಾಯುತ್ತದೆ. ಮೊಟ್ಟೆ ಮತ್ತು ಕೋಶಾವಸ್ಥೆಯಲ್ಲಿ ಉಸಿರಾಟ ನಿಧಾನ, ಆದ್ದರಿಂದ ಅವು ಹೆಚ್ಚು ತಾಳಿಕೊಳ್ಳುತ್ತವೆ. ಇಲ್ಲಿ ಅನಿಲದ ಪ್ರಮಾಣದಷ್ಟೇ ಕಾಲವೂ ಮುಖ್ಯ. ಸೋರುವ ಹೊದಿಕೆಯಡಿ ಅರೆಬರೆ ಕೆಲಸವಾದಾಗ ಬದುಕುಳಿದ ಹುಳುಗಳಿಂದಲೇ ನಿರೋಧಕ ಸಂತತಿ ಬೆಳೆಯುತ್ತದೆ. ಓಜೋನ್ ಪದರವನ್ನು ಕೆಡಿಸುವ ಮೀಥೈಲ್ ಬ್ರೋಮೈಡನ್ನು ಮಾಂಟ್ರಿಯಲ್ ಒಪ್ಪಂದದಡಿ ಬಹುತೇಕ ಕೈಬಿಟ್ಟ ಮೇಲೆ ಫಾಸ್ಫೀನಿನ ಮೇಲಿನ ಅವಲಂಬನೆ ಹೆಚ್ಚಿರುವುದರಿಂದ ಈ ಸಂಗತಿ ಸಣ್ಣದಲ್ಲ.

ಬೆಳ್ಳುಳ್ಳಿಯ ವಾಸನೆ ಬಂದರೆ ಮಾತ್ರ ಅಪಾಯ ಎಂದು ಬರೆದುಕೊಂಡಿದ್ದರೆ ಹೊಡೆದುಹಾಕಿ. ಶುದ್ಧ ಫಾಸ್ಫೀನಿಗೆ ವಾಸನೆಯೇ ಇಲ್ಲವೆನ್ನಬಹುದು. ಮೂಗಿಗೆ ತಿಳಿಯುವುದು ಅದರ ಕಲ್ಮಶ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 50 ಭಾಗವಿದ್ದರೂ ಪ್ರಾಣಾಪಾಯ, ಪ್ರತಿವಿಷ ಇಲ್ಲ. ಭಾರತದಲ್ಲಿ ಇದರ ಬಳಕೆ ಸರ್ಕಾರಿ ಸಂಸ್ಥೆಗಳಿಗೆ ಮತ್ತು ಪರಿಣತರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಕೀಟ ನಿಯಂತ್ರಕರಿಗೆ ಸೀಮಿತವಾಗಿರುವುದು ಇದಕ್ಕೇ. ಮಲಗುವ ಕೋಣೆಯ ಜೋಳದ ಮೂಟೆಗೆ ಯಾರಾದರೂ ಈ ಮಾತ್ರೆ ಹಾಕಲು ಹೊರಟರೆ ದಯವಿಟ್ಟು ತಡೆಯಿರಿ. ಗಾಳಿಗಿಂತ ತುಸು ಭಾರವಾದ ಈ ಅನಿಲ ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ಹರಿದೀತು.